ನನ್ನ ಹೆಸರಿನ ಇನ್ನೊಬ್ಬ

ಆಂತರಿಕ ಅಂಕಗಳನ್ನು ಒಪ್ಪಿಸಲು ಅಂದು ಸಂಜೆ ಐದು ಗಂಟೆಯೇ ಕೊನೆಯ ಗಡುವು. 62 ವಿದ್ಯಾರ್ಥಿಗಳ ಅಂಕಪಟ್ಟಿ ಕಾಲೇಜಿನ ಸರ್ವರಿನಲ್ಲಿತ್ತು. ಆ ಕಡತದ ಒಡೆಯ ಯಾರೆಂದು ಕೇಳಿದರೆ ಯಂತ್ರವು ನನ್ನ ಹೆಸರನ್ನೇ ಹೇಳುತ್ತಿತ್ತು. ಈಗ ಒಳಗೆ ಬಂದವನಾರೆಂದರೂ ನನ್ನ ಹೆಸರೇ. ಆದರೂ ತೆರೆಯಹೋದರೆ ‘ಅನುಮತಿ ಇಲ್ಲ’ ಎಂಬ ಉತ್ತರ! ಇದು ಯಾವ ಅಲಂಕಾರವೆಂದು ಕನ್ನಡ ಎಂ.ಎ. ಮಾಡಿದ ನನಗೂ ಹೊಳೆಯಲಿಲ್ಲ.

ನಮ್ಮ ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಹುಡುಗರು ತಮ್ಮ ಹೆಸರನ್ನು ಕೂಗುವುದನ್ನು ನೀವು ಕೇಳಿರಬಹುದು. ಗುಮ್ಮಟವು ಹೆಸರನ್ನು ಮತ್ತೆ ಮತ್ತೆ ಹಿಂದಿರುಗಿಸುತ್ತದೆ. ಕೂಗಿದವನಾರೆಂಬ ಗೊಡವೆ ಅದಕ್ಕಿಲ್ಲ. ಈ ಯಂತ್ರವೂ ಅದೇ ಜಾತಿಯದೆಂದುಕೊಂಡೆ.

ಕಂಪ್ಯೂಟರ್ ವಿಭಾಗದ ತರುಣ ತಿಕೋಟಾದವನು. ಆತ ಮೊದಲು ಮಾಡಿದ್ದೆಂದರೆ ಪಕ್ಕದ ಸರ್ವರಿಗೆ ಹೋಗಿ ಅದೇ ಪ್ರಶ್ನೆಯನ್ನು ಕೇಳಿದ್ದು. ಅಲ್ಲಿ ಎಲ್ಲವೂ ನೆಟ್ಟಗಿತ್ತು.

“ದೊಡ್ಡ ರಿಜಿಸ್ಟರ್ ಸರಿ ಐತ್ರೀ ಸರ. ಇದೊಂದ ಮಷೀನಿನ ತಲಿ ಕೆಟ್ಟೈತಿ.”

ನಾನಾಗಿದ್ದರೆ ಆ ದೊಡ್ಡ ರಿಜಿಸ್ಟರನ್ನೇ ತಿದ್ದಹೊರಟು ಎಲ್ಲ ಸರ್ವರುಗಳನ್ನೂ ಕೆಡಿಸುತ್ತಿದ್ದೆನೋ ಏನೋ!

ಬಳಿಕ ‘ಐಡಿ’ ಎಂಬ ಎರಡಕ್ಷರದ ಆಜ್ಞೆಯನ್ನು ಎರಡೂ ಕಡೆ ಕೊಟ್ಟ. ಅಲ್ಲಿ ನಾನು 20417, ಇಲ್ಲಿ 1007. ಲಿನಕ್ಸಿಗೆ ಮನುಷ್ಯನೆಂದರೆ ಸಂಖ್ಯೆ. ಹೆಸರು ನಮ್ಮ ಸಮಾಧಾನಕ್ಕೆ. ಕಡತದ ಮೇಲೆ ಅದು ಬರೆದುಕೊಳ್ಳುವುದೂ ಸಂಖ್ಯೆಯನ್ನೇ. ಹೆಸರನ್ನು ಹುಡುಕುವಾಗ ಯಂತ್ರವು ಸಾಮಾನ್ಯವಾಗಿ ಮೊದಲು ತನ್ನಲ್ಲೇ ಇರುವ ಸಣ್ಣ ಪಟ್ಟಿಯನ್ನು ನೋಡುತ್ತದೆ. ಅಲ್ಲಿ ಸಿಕ್ಕದಿದ್ದರೆ ಮಾತ್ರ ಎಲ್ಲ ಸರ್ವರುಗಳಿಗೂ ಸಮಾನವಾದ ದೊಡ್ಡ ರಿಜಿಸ್ಟರನ್ನು ಕೇಳುತ್ತದೆ. ಮೊನ್ನೆ ಯಾರೋ ಈ ಸರ್ವರಿಗೆ ಹಳೆಯ ಪ್ರತಿಯೊಂದನ್ನು ಮರಳಿ ತುಂಬಿದ್ದರು. ನಾನು ಅತಿಥಿ ಉಪನ್ಯಾಸಕನಾಗಿದ್ದ ದಿನಗಳ ಸಾಲೊಂದು ಅದರೊಡನೆ ಎದ್ದು ಬಂದು ಸಣ್ಣ ಪಟ್ಟಿಯಲ್ಲಿ ಕುಳಿತಿತ್ತು. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು. ಹೆಸರು ಬದಲಾದರೂ ಊರು ಅದೇ. ನನ್ನದು ಅದಕ್ಕೆ ತಿರುಗುಮುರುಗು: ಹೆಸರು ಅದೇ, ಆಸಾಮಿ ಬೇರೆ.

ತರುಣ ಆ ಸಾಲನ್ನು ಕೂಡಲೆ ಅಳಿಸಲಿಲ್ಲ. 1007ಕ್ಕೆ ಸೇರಿದ ಕಡತಗಳೇನಾದರೂ ಇವೆಯೇ ಎಂದು ಮೊದಲು ಹುಡುಕಿದ. ಒಂದೇ ಒಂದಿತ್ತು: ಎಂಟು ವರ್ಷಗಳ ಹಿಂದೆ ಬರೆದು, ಕೊಡದೆ ಬಿಟ್ಟ ನನ್ನ ರಾಜೀನಾಮೆಯ ಕರಡು. ಸಂಬಳ ಬಾರದ ಐದನೆಯ ತಿಂಗಳು ಬರೆದದ್ದು, ಮನೆಯಾಕೆಗೂ ತೋರಿಸಿರಲಿಲ್ಲ. ತರುಣ ಓದಿದನೋ ಇಲ್ಲವೋ, ಕಿಟಕಿಯ ಕಡೆಗೆ ಮುಖ ಮಾಡಿದ.

“ಇದನ್ನ ಹೊಸಾ ನಂಬರಿಗೆ ಹಾಕಲೇನ್ರಿ ಸರ, ಇಲ್ಲಾ ತೆಗೀಲ್ರಿ?”

“ಹಾಕು ತಮ್ಮಾ,” ಎಂದೆ.

ಸಾಲು ಹೋಯಿತು. ಯಂತ್ರವು ನೆನಪಿಟ್ಟುಕೊಂಡಿದ್ದ ಹಳೆಯ ಉತ್ತರಗಳನ್ನೂ ಖಾಲಿ ಮಾಡಿಸಿ, ನನ್ನನ್ನು ಒಮ್ಮೆ ಹೊರಗೆ ಹಾಕಿ ಮತ್ತೆ ಒಳಗೆ ಬರಮಾಡಿದ. 20417. ನಾಲ್ಕೂಮುಕ್ಕಾಲಿಗೆ ಅಂಕಗಳು ಹೋದವು.