ಸಾಂಬ್ರಾದಿಂದ ವಿಮಾನಯಾನ

ಬೆಳಗಾವಿಯಿಂದ ಪೂರ್ವಕ್ಕೆ ಸುಮಾರು 10 ಕಿ.ಮೀ. ದೂರದಲ್ಲಿರುವ ಸಾಂಬ್ರಾ ವಿಮಾನ ನಿಲ್ದಾಣ 1942ರಲ್ಲಿ ನಿರ್ಮಾಣವಾದುದು. ಈಗಿನ ಪ್ರಯಾಣಿಕರ ಕಟ್ಟಡ 2017ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಗೊಂಡಿತು. ಚಿಕ್ಕ ನಿಲ್ದಾಣ, ದಾರಿ ತಪ್ಪುವ ಭಯವಿಲ್ಲ. ಆದರೂ ಎರಡು ಗಂಟೆ ಮೊದಲೇ ತಲುಪುವುದು ಲೇಸು. ಟಿಕೆಟ್ಟಿನೊಡನೆ ಗುರುತಿನ ಚೀಟಿಯನ್ನು ಬಾಗಿಲಲ್ಲೇ ತೋರಿಸಬೇಕು.

ನಮ್ಮವರಿಗೆ ಅಳುಕಿರುವುದು ಭದ್ರತಾ ತಪಾಸಣೆಯದು. ಮೊದಲ ಬಾರಿ ಬೆಂಗಳೂರಿಗೆ ಹೊರಟ ನನ್ನ ತಾಯಿಯವರು ಹಿಂದಿನ ರಾತ್ರಿಯೇ, "ಲಿಂಗ ತೆಗಿ ಅಂದ್ರ ನಾ ವಿಮಾನ ಹತ್ತೂದಿಲ್ಲ ನೋಡಪಾ" ಎಂದಿದ್ದರು. ಯಂತ್ರ ಸದ್ದು ಮಾಡುವುದು ಇಷ್ಟಲಿಂಗಕ್ಕಲ್ಲ, ಬೆಳ್ಳಿಯ ಕರಡಿಗೆಗೆ. ಆದ್ದರಿಂದ ಅಂದು ಅರಿವೆಯಲ್ಲಿ ಕಟ್ಟಿ ಧರಿಸುವುದು ಉತ್ತಮವೆಂದು ನನ್ನ ಅಭಿಪ್ರಾಯ. ತಾಯಿಯವರು ಒಪ್ಪಲಿಲ್ಲ, ಕರಡಿಗೆ ಅವರ ತವರಿನದು. ಸ್ತ್ರೀಯರಿಗೆ ಪರದೆಯ ಮರೆಯಲ್ಲಿ ಮಹಿಳಾ ಸಿಬ್ಬಂದಿಯೇ ತಪಾಸಣೆ ಮಾಡುತ್ತಾರೆ. ಕೇಳುವ ಮುನ್ನವೇ ವಿಷಯ ತಿಳಿಸಿ, ಶಿವದಾರ ಕೊರಳಲ್ಲಿದ್ದಂತೆಯೇ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ತೋರಿಸಿದರಂತೆ. ಆಕೆ ನೋಡಿ, ತಲೆಬಾಗಿ, ಮುಂದೆ ಕಳುಹಿಸಿದಳು.

ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಒಯ್ಯಬೇಡಿರಿ. ಒಣಕೊಬ್ಬರಿ ಎಣ್ಣೆಯಂಶದಿಂದ ಬೆಂಕಿ ಹತ್ತಬಲ್ಲ ವಸ್ತು. ಅದನ್ನು ಯಾವ ಚೀಲದಲ್ಲೂ ಇಡಬಾರದು. ಮೊಮ್ಮಗಳಿಗೆಂದು ಕಟ್ಟಿದ್ದ ಕುಂದಾ ಬೆಂಗಳೂರು ಮುಟ್ಟಿತು. ಕೊಬ್ಬರಿ ಬಟ್ಟಲುಗಳು ಸಾಂಬ್ರಾದಲ್ಲೇ ಉಳಿದವು.