ಮೋಡದಲ್ಲಿಟ್ಟ ಹೆಪ್ಪು

ಮನೆಯ ಮೊಸರೆಲ್ಲ ಮುಗಿದರೂ ಒಂದು ಚಮಚದಷ್ಟನ್ನು ಬಟ್ಟಲಲ್ಲಿ ಉಳಿಸಿಕೊಂಡ ಗೃಹಿಣಿಗೆ ನಾಳೆಯ ಚಿಂತೆಯಿಲ್ಲ. ಬಸವನಗುಡಿಯ ಆ ತಾಯಿ ನಲವತ್ತು ವರ್ಷಗಳಿಂದ ಒಂದು ರಾತ್ರಿಯೂ ಈ ನೇಮವನ್ನು ತಪ್ಪಿಸಿದವರಲ್ಲ. ಅವರ ಮಗನ ಉದ್ಯೋಗವೂ ಬಹುಮಟ್ಟಿಗೆ ಅದೇ. ಅವನು ಹೆಪ್ಪನ್ನಿಡುವುದು ಮಾತ್ರ ಮೋಡದಲ್ಲಿ.

ಈ ಮೋಡ ಆಕಾಶದ್ದಲ್ಲ. ದೂರದ ಕಟ್ಟಡಗಳಲ್ಲಿ ಸಾಲಾಗಿ ನಿಂತ ಗಣಕಯಂತ್ರಗಳು. ಅವುಗಳಲ್ಲಿ ಬಾಡಿಗೆಗೆ ಪಡೆದ ಒಂದು ಪಾಲೇ ವರ್ಚುವಲ್ ಮೆಷೀನ್. ಅದರ ಉಗ್ರಾಣವೇ ವಾಲ್ಯೂಮ್. ಅಮೆಜಾನ್ ಸಂಸ್ಥೆ ಇಂಥ ಉಗ್ರಾಣಗಳನ್ನು 2008ರಲ್ಲಿ ಬಾಡಿಗೆಗೆ ಕೊಡಲಾರಂಭಿಸಿ, 2016ರಲ್ಲಿ ಮುಂಬಯಿಯಲ್ಲಿಯೂ ನೆಲೆಯೂರಿತು. ಉಗ್ರಾಣದ ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಟ್ಟ ಪ್ರತಿಗೆ ಸ್ನ್ಯಾಪ್‌ಶಾಟ್ ಎಂದು ಹೆಸರು. ಮೊದಲನೆಯದು ಪೂರ್ಣ ಪ್ರತಿ. ಅನಂತರದವುಗಳಲ್ಲಿ ಬದಲಾದ ಭಾಗಗಳಷ್ಟೇ ಸೇರುತ್ತವೆ. ಜಾಣ ಗುಮಾಸ್ತನು ಇಡೀ ಖಾತೆಪುಸ್ತಕವನ್ನು ನಿತ್ಯವೂ ನಕಲು ಮಾಡುವುದಿಲ್ಲವಷ್ಟೆ!

ಒಂದು ರಾತ್ರಿ ಹತ್ತು ಗಂಟೆಗೆ ಮಗನು ಬೇಡದ ಕಡತಗಳನ್ನು ಅಳಿಸಹೋಗಿ, ಒಬ್ಬ ಜವಳಿ ವ್ಯಾಪಾರಿಯ ಏಳು ವರ್ಷಗಳ ಲೆಕ್ಕವನ್ನೇ ಅಳಿಸಿಬಿಟ್ಟನು. ಅಂಗೈ ಬೆವರಿತು. ಆದರೆ ಬೆಳಗಿನ ಜಾವ ಎರಡು ಗಂಟೆಯ ಸ್ನ್ಯಾಪ್‌ಶಾಟ್ ಭದ್ರವಾಗಿತ್ತು. ಹಳೆಯ ಉಗ್ರಾಣವನ್ನು ಮುಟ್ಟದೆ, ಸ್ನ್ಯಾಪ್‌ಶಾಟಿನಿಂದ ಹೊಸದೊಂದನ್ನು ಸೃಷ್ಟಿಸಿದನು. ಅದರ ಗಾತ್ರ ಮೂಲಕ್ಕಿಂತ ಕಡಿಮೆಯಿರುವಂತಿಲ್ಲ, ಅದನ್ನೇನೋ ನೆನಪಿಟ್ಟುಕೊಂಡ. ಗಾಬರಿಯಲ್ಲಿ ವಲಯವನ್ನು ಮರೆತ. ಮುಂಬಯಿ ಪ್ರದೇಶದ ಯಾವ ವಲಯದಲ್ಲಾದರೂ ಸ್ನ್ಯಾಪ್‌ಶಾಟಿನಿಂದ ಉಗ್ರಾಣ ಹುಟ್ಟಬಹುದು. ಹುಟ್ಟಿದ ಮೇಲೆ ಅದೇ ವಲಯದ ಯಂತ್ರಕ್ಕಲ್ಲದೆ ಬೇರೆಯದಕ್ಕೆ ಅದು ಜೋಡಣೆಯಾಗದು. ತಪ್ಪಾಗಿ ಹುಟ್ಟಿದ್ದನ್ನು ತೆಗೆದುಹಾಕಿ (ಬಳಸದಿದ್ದರೂ ಬಾಡಿಗೆ ನಿಲ್ಲದು!) ಮತ್ತೊಂದನ್ನು ಸೃಷ್ಟಿಸಿ ಯಂತ್ರಕ್ಕೆ ಜೋಡಿಸಿದನು.

ಉಗ್ರಾಣ ತುಂಬಿದಂತೆಯೇ ಕಂಡಿತು. ಆದರೆ ಓದಹೋದರೆ ಆಮೆಯ ನಡಿಗೆ. ಎಲೆ ಹಾಕಿದೆ, ಪಂಕ್ತಿ ಕುಳಿತಿದೆ. ಕೇಳಿದ ಪದಾರ್ಥವನ್ನು ಕೇಳಿದಾಗಲೇ ಒಳಗಿನಿಂದ ತರಬೇಕು. ಮೊದಲ ಸಲ ಮುಟ್ಟಿದ ಪ್ರತಿಯೊಂದು ಭಾಗವೂ ಹಾಗೆಯೇ ಸ್ನ್ಯಾಪ್‌ಶಾಟಿನಿಂದ ಬರಬೇಕಾಗಿತ್ತು. ಒಂದು ಗಂಟೆಯ ವೇಳೆಗೆ ಲೆಕ್ಕವೆಲ್ಲ ಸ್ವಸ್ಥಾನ ಸೇರಿತು.

ತಾಯಿ ಎದ್ದು ಬಂದರು. “ಊಟವೂ ಇಲ್ಲದೆ ಏನೋ ಮಾಡುತ್ತಿದ್ದೀಯ?”

“ಹೆಪ್ಪು ಹುಡುಕುತ್ತಿದ್ದೆ, ಅಮ್ಮಾ.”

“ಸಿಕ್ಕಿತೆ?”

“ಸಿಕ್ಕಿತು. ಆದರೆ ನಿನ್ನೆಯದು.”

“ಹೆಪ್ಪು ನಿನ್ನೆಯದಲ್ಲದೆ ಇವತ್ತಿನದು ಇರುತ್ತದೆಯೇನೋ?” ಎಂದು ಅವರು ಮೊಸರನ್ನ ಕಲಸಲು ಒಳಗೆ ಹೋದರು.

ಆ ಮಾತಿನಲ್ಲಿ ಉಳಿದ ಕೆಲಸವೂ ಅಡಗಿತ್ತು. ಎರಡು ಗಂಟೆಯ ಅನಂತರ ನಡೆದ ಹಗಲಿಡೀ ವ್ಯಾಪಾರ ಸ್ನ್ಯಾಪ್‌ಶಾಟಿನಲ್ಲಿರಲಿಲ್ಲ. ಮರುದಿನ ಅಂಗಡಿ ತೆರೆಯುವ ಮೊದಲೇ ಮಗನು ಬಾಗಿಲಲ್ಲಿ ನಿಂತು, ತಪ್ಪು ತನ್ನದೆಂದು ವ್ಯಾಪಾರಿಗೆ ಹೇಳಿ, ಬಿಲ್ಲುಗಳ ಅಡಿಪ್ರತಿಗಳನ್ನಿಟ್ಟುಕೊಂಡು ಒಂದೊಂದನ್ನೇ ಮತ್ತೆ ಬರೆಯಿಸಿದನು. ಅಂದಿನಿಂದ ಅವನ ಸ್ನ್ಯಾಪ್‌ಶಾಟ್ ದಿನಕ್ಕೊಂದಲ್ಲ, ಗಂಟೆಗೊಂದು.