ಎರಡು ಕಡಲ ನಡುವಿನ ಒರತೆ

ದಿಂಬಂ ಘಾಟಿಯ 27 ತಿರುವುಗಳನ್ನು ಸೈಕಲ್ಲಿನಲ್ಲಿ ಹತ್ತಿ ಇಳಿದವರೆಂಬ ಸಣ್ಣದೊಂದು ಗರ್ವ ನಮಗಿತ್ತು. ಏರು ಬಲ್ಲವರಿಗೆ ಸಮತಟ್ಟಾದ ದಾರಿ ಯಾವ ಲೆಕ್ಕ ಎಂದುಕೊಂಡೇ, ಫೆಬ್ರುವರಿಯ ಒಂದು ರಾತ್ರಿ ತಾಳವಾಡಿಯ ನಾವು ನಾಲ್ವರು ಸೈಕಲ್ಲುಗಳನ್ನು ವ್ಯಾನಿಗೆ ಹೇರಿ ಮಂಡಪಂ ತಲುಪಿದೆವು. ಪಾಂಬನ್ ಸೇತುವೆ ದಾಟಿ, ರಾಮೇಶ್ವರ ದ್ವೀಪದ ಉದ್ದಕ್ಕೂ ಸಾಗಿ, ನೆಲ ಮುಗಿಯುವ ಅರಿಚಲ್‌ಮುನೈಯನ್ನು ಮುಟ್ಟಿ ಸಂಜೆಯೊಳಗೆ ಹಿಂದಿರುಗುವುದು ನಮ್ಮ ಸಂಕಲ್ಪ. ಹೋಗಿ ಬರಲು ಸುಮಾರು 80 ಕಿಲೋಮೀಟರ್.

ನಮ್ಮಲ್ಲಿ ಹಿರಿಯರು ಮೇಷ್ಟ್ರು. ನಿವೃತ್ತಿಯ ಬಳಿಕ ತಮ್ಮ ಮನೆಯ ಜಗುಲಿಯಲ್ಲಿ ಭಾನುವಾರದ ಕನ್ನಡ ಪಾಠ ನಡೆಸಿಕೊಂಡು ಬಂದವರು. ಮೂವತ್ತು ಮಕ್ಕಳು ಕೂಡುತ್ತಿದ್ದ ಜಗುಲಿಯಲ್ಲಿ ಈಗ ಏಳು ಮಕ್ಕಳು. ಮಗ ಮೈಸೂರಿನಲ್ಲಿ ನೆಲೆಸಿ, ಅಲ್ಲಿಗೇ ಬಂದುಬಿಡುವಂತೆ ಒತ್ತಾಯಿಸುತ್ತಿದ್ದನು. ಮನೆ ಕೊಳ್ಳಲು ಗಿರಾಕಿಯೂ ಸಿಕ್ಕಿದ್ದನು. "ಮಾರುವುದೇ ವಿವೇಕ, ಮೇಷ್ಟ್ರೇ. ಏಳು ಮಕ್ಕಳಿಗಾಗಿ ಎಷ್ಟು ದಿನ ಒಂಟಿಯಾಗಿರುತ್ತೀರಿ?" ಎಂದು ಬುದ್ಧಿ ಹೇಳಿದವರು ನಾವೇ. ಮುಂಗಡ ಪಡೆಯುವ ಮೊದಲು ನಮ್ಮೊಡನೆ ಒಂದು ಪಯಣ ಮಾಡಬೇಕೆಂದು ಅವರು ಬಯಸಿದ್ದರು.

ನಸುಕಿನಲ್ಲಿ ಸೇತುವೆಯನ್ನೇರಿದೆವು. ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ ಈ ರಸ್ತೆ ಸೇತುವೆ ತೆರೆದದ್ದು 1988ರಲ್ಲಿ. ಅಲ್ಲಿಯವರೆಗೆ ದ್ವೀಪಕ್ಕೆ ಸೇತುವೆಯೆಂದರೆ 1914ರ ರೈಲು ಸೇತುವೆಯೊಂದೇ. ಅದರ ಕೆಲಸವನ್ನು 2025ರಲ್ಲಿ ಹೊಸದೊಂದು ವಹಿಸಿಕೊಂಡಿದೆ. ಕೆಳಗೆ ಮೀನುಗಾರರ ದೋಣಿಗಳು ದೀಪ ಆರಿಸದೆಯೇ ದಡಕ್ಕೆ ಮರಳುತ್ತಿದ್ದವು. ರಾಮೇಶ್ವರದಲ್ಲಿ ಇಡ್ಲಿ ತಿಂದು, ದೇವಾಲಯದ ಗೋಪುರಕ್ಕೆ ದೂರದಿಂದಲೇ ಕೈಮುಗಿದು ಮುಂದೆ ಹೊರಟೆವು.

ನಮ್ಮ ಗರ್ವ ಇಳಿದದ್ದು ಅನಂತರ. ಘಾಟಿಯಲ್ಲಿ ಏರು ಎಷ್ಟೇ ಕಠಿಣವಾದರೂ ತಿರುವಿನಲ್ಲಿ ಮರದ ನೆರಳುಂಟು, ಗಾಳಿಗೆ ಬೆಟ್ಟದ ಮರೆಯುಂಟು. ಇಲ್ಲಿ ಯಾವ ಮರೆಯೂ ಇಲ್ಲ. ರಾಷ್ಟ್ರೀಯ ಹೆದ್ದಾರಿ 87 ಬರಬರುತ್ತ ಮರಳಿನ ಮೇಲೆ ಎಳೆದ ಗೆರೆಯಂತಾಗುತ್ತದೆ. ಎಡಕ್ಕೂ ಕಡಲು, ಬಲಕ್ಕೂ ಕಡಲು. ಎಡಗಡೆಯಿಂದ ಬೀಸುವ ಗಾಳಿ ಸೈಕಲ್ಲನ್ನು ಓರೆಯಾಗಿಸುತ್ತಿತ್ತು. ಸುಮ್ಮನೆ ನೇರವಾಗಿ ಸಾಗುವುದಕ್ಕೇ ತೋಳು ಸೋಲುತ್ತಿತ್ತು. ಎಡಗಡೆಯದು ಶಾಂತವಾದ 'ಪೆಣ್ ಕಡಲ್', ಬಲಗಡೆಯದು ಅಬ್ಬರದ 'ಆಣ್ ಕಡಲ್' ಎನ್ನುತ್ತಾರೆ ಅಲ್ಲಿಯವರು. ಹೆಣ್ಣು ಕಡಲು, ಗಂಡು ಕಡಲು. ನಮಗೆ ಅನುವಾದ ಬೇಕಾಗಲಿಲ್ಲ.

1964ರ ಡಿಸೆಂಬರ್ 22ರ ರಾತ್ರಿಯವರೆಗೆ ಧನುಷ್ಕೋಟಿ ಒಂದು ಊರಾಗಿತ್ತು. ರೈಲು ನಿಲ್ದಾಣ, ಅಂಚೆ ಕಚೇರಿ, ಚರ್ಚು ಎಲ್ಲವೂ ಇದ್ದವು. ಮದರಾಸಿನಿಂದ ಬಂದ ರೈಲಿನಿಂದ ಇಳಿದು, ಇಲ್ಲಿ ಹಡಗು ಹತ್ತಿ ತಲೈಮನ್ನಾರಿಗೆ ಹೋಗುತ್ತಿದ್ದರು. ಆ ರಾತ್ರಿಯ ಚಂಡಮಾರುತ ಪಾಂಬನ್ನಿನಿಂದ ಬರುತ್ತಿದ್ದ ರೈಲನ್ನು ಪ್ರಯಾಣಿಕರ ಸಮೇತ ನುಂಗಿತು; ಊರನ್ನೂ ನುಂಗಿತು. ಬಳಿಕ ಸರ್ಕಾರ ಈ ನೆಲವನ್ನು ವಾಸಕ್ಕೆ ಯೋಗ್ಯವಲ್ಲವೆಂದು ಸಾರಿತು. ಚರ್ಚಿನ ಸೂರಿಲ್ಲದ ಗೋಡೆಗಳು ಈಗಲೂ ಮರಳಿನಲ್ಲಿ ನಿಂತಿವೆ. ಡಾಂಬರು ರಸ್ತೆ ಇಲ್ಲಿಗೆ ಬಂದದ್ದು 2017ರಲ್ಲಿ.

ಆ ಗೋಡೆಗಳನ್ನು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮೇಷ್ಟ್ರ ಹಿಂದಿನ ಚಕ್ರ ಪಂಕ್ಚರ್ ಆಯಿತು. ಟ್ಯೂಬು ಬಿಚ್ಚಿದೆವು, ತೂತು ಹುಡುಕಲು ನೀರು ಬೇಕು. ಹತ್ತಿರದ ಗರಿಯ ಗುಡಿಸಲಿನ ಮುಂದೆ ಶಂಖ, ಕಪ್ಪೆಚಿಪ್ಪಿನ ಸರ ಮಾರುತ್ತಿದ್ದ ತಾಯಿಯನ್ನು ಕೇಳಿದೆವು. ಆಕೆ ಕುಡಿಯುವ ನೀರಿನ ಕೊಡವನ್ನು ಮುಟ್ಟಲೇ ಇಲ್ಲ. ಮೊಮ್ಮಗನನ್ನು ಕಳುಹಿಸಿ ಬೋಗುಣಿಯಲ್ಲಿ ಕಡಲ ನೀರು ತರಿಸಿದರು. "ಟ್ಯೂಬಿಗೆ ಉಪ್ಪು ನೀರು ಸಾಕು. ಸಿಹಿ ನೀರು ನಿಮಗೆ" ಎಂದು ತಮಿಳಿನಲ್ಲಿ ಹೇಳಿ, ಗುಡಿಸಲಿನ ಹಿಂದಕ್ಕೆ ಕರೆದರು.

ಅಲ್ಲಿ ಮರಳಿನಲ್ಲಿ ಕೈಯಿಂದ ತೋಡಿದ ಗುಂಡಿ. ಮೊಣಕಾಲುದ್ದವೂ ಇಲ್ಲ. ತಳದಲ್ಲಿ ತಿಳಿನೀರು ಜಿನುಗುತ್ತಿತ್ತು. ಬೇಸಿಗೆಯಲ್ಲಿ ನಮ್ಮ ಹಳ್ಳದ ಮರಳಿನಲ್ಲಿ ತೋಡುವ ಅದೇ ಒರತೆ! ಕಡಲು ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿದ್ದರೂ ನೀರು ಸಿಹಿಯಾಗಿತ್ತು. ಮರಳು ಹೀರಿಕೊಂಡ ಮಳೆನೀರು ಹಗುರವಾದುದರಿಂದ ಉಪ್ಪು ನೀರಿನ ಮೇಲೆ ತೇಲಿ ನಿಲ್ಲುತ್ತದೆ. "ಆಸೆಗೆ ಬಿದ್ದು ಆಳಕ್ಕೆ ತೋಡಿದರೆ ಉಪ್ಪಾಗುತ್ತದೆ. ದಿನವೂ ಸ್ವಲ್ಪ ಮೊಗೆಯಬೇಕು, ಬಿಟ್ಟರೆ ಮರಳು ಮುಚ್ಚಿಕೊಳ್ಳುತ್ತದೆ" ಎಂದರು ಆ ತಾಯಿ. ಚಂಡಮಾರುತದ ವರ್ಷ ಅವರು ಕೈಗೂಸಂತೆ. ಸರ್ಕಾರವೇ ಬೇಡವೆಂದ ಜಾಗದಲ್ಲಿ ಏಕಿದ್ದೀರಿ ಎಂದು ಮೇಷ್ಟ್ರು ಕೇಳಿದರು. ಆಕೆಗೆ ಪ್ರಶ್ನೆಯೇ ವಿಚಿತ್ರವೆನಿಸಿರಬೇಕು. "ನೀರಿದೆಯಲ್ಲಾ ಅಯ್ಯಾ" ಎಂದರು, ಅಷ್ಟೆ.

ಅರಿಚಲ್‌ಮುನೈಯಲ್ಲಿ ರಸ್ತೆ ಸುತ್ತು ಹಾಕಿ ಬಂದ ದಾರಿಗೇ ತಿರುಗುತ್ತದೆ. ನಡುವೆ ನಾಲ್ಮೊಗದ ಸಿಂಹಸ್ತಂಭ. ಆಚೆ ನೀರು, ಅದರಾಚೆ ಕಣ್ಣಿಗೆ ಕಾಣದ ಲಂಕೆ. ನಾವು ಮೂವರೂ ಚಿತ್ರ ತೆಗೆದುಕೊಂಡೆವು. ಮೇಷ್ಟ್ರು ಮರಳಿನ ಮೇಲೆ ಕುಳಿತೇ ಇದ್ದರು. ಹಿಂದಿರುಗುವಾಗ ಗಾಳಿ ಕೊಂಚ ಬೆನ್ನಿಗಿತ್ತು, ಮಾತಾಡಬಹುದಾಗಿತ್ತು. ಯಾರೂ ಮಾತಾಡಲಿಲ್ಲ.

ಮುಂದಿನ ಭಾನುವಾರ ಮುಂಗಡದ ಸಂಗತಿ ತಿಳಿಯುವ ನೆಪದಲ್ಲಿ ಅವರ ಜಗುಲಿಗೆ ಹೋದೆವು. ಏಳು ಮಕ್ಕಳ ಮುಂದೆ ಕಪ್ಪುಹಲಗೆಯ ಮೇಲೆ, ಪಾಠದ ಪುಸ್ತಕದ ಒಂಟೆಯನ್ನು ಬಿಟ್ಟು, 'ಒ – ಒರತೆ' ಎಂದು ಬರೆದಿದ್ದರು. ಹಾಗೆಂದರೇನೆಂದು ಒಂದು ಮಗು ಕೇಳಿತು. ಉತ್ತರಿಸಲು ಬಾಯಿ ತೆರೆದ ನಮಗೆ ಆಗ ಹೊಳೆಯಿತು: ಆ ಏಳರಲ್ಲಿ ನಮ್ಮ ಮನೆಯ ಮಗು ಒಂದೂ ಇರಲಿಲ್ಲ. ವರ್ಷಗಟ್ಟಲೆ ಸಂಘದ ವೇದಿಕೆಯಲ್ಲಿ ಕನ್ನಡದ ಅಳಿವು ಉಳಿವಿನ ಬಗ್ಗೆ ಭಾಷಣ ಮಾಡಿದವರು ನಾವು. ಮೊಮ್ಮಕ್ಕಳನ್ನು ಭಾನುವಾರ ಟ್ಯೂಷನ್ನಿಗೆ ಕಳುಹಿಸುತ್ತಿದ್ದವರೂ ನಾವೇ.

ಮನೆಯ ಮಾತು ಇನ್ನೂ ತೀರ್ಮಾನವಾಗಿಲ್ಲ. ಮಗ ಕರೆಯುತ್ತಲೇ ಇದ್ದಾನೆ. ಮೇಷ್ಟ್ರಿಗೆ ವಯಸ್ಸೂ ಆಗುತ್ತಿದೆ. ಮಾರಬೇಡಿ ಎನ್ನುವ ಅಧಿಕಾರ ನಮಗಿಲ್ಲ, ಮಾರಿ ಎನ್ನುವ ಧೈರ್ಯ ಈಗ ಉಳಿದಿಲ್ಲ. ಜಗುಲಿಯಲ್ಲಿ ಮಾತ್ರ ಈಗ ಹತ್ತು ಮಕ್ಕಳಿದ್ದಾರೆ.